ಎಡಗೈ ವೀರರು

ಅಪ್ಪನ ಉಳಿ ಮೊದಲು ದೇವರ ಕಣ್ಣು ಬಿಡಿಸುತ್ತಿತ್ತು.
ಗುಡಿಗಾರರ ಜಟ್ಟಿ ಎಂದರೆ ಗಂಧದ ಪೆಟ್ಟಿಗೆ, ದಂತದ ಆನೆ,
ಮದುವೆಗೆ ಬಾಸಿಂಗ.
ಯುದ್ಧ ಬಂತು. ಗಂಧ ಕೊಳ್ಳುವ ದೊರೆಸಾನಿಯರು ಹಡಗು ಹತ್ತಿದರು.
ಉಳಿದದ್ದು ಹಲಸಿನ ಹಲಗೆ, ಚಿಮಣಿಯ ಕಾಡಿಗೆ,
ಮತ್ತೆ ಕೋಡಿಬಾಗದ ಚಹಾದಂಗಡಿಯ ಮಾತು.

ಕೊಲಂಬೋದಲ್ಲಿ ಬಾಂಬು ಬಿತ್ತು ಎಂದ ವಾರ
ಆ ಅಂಗಡಿಯ ಬೆಂಚಿನ ಮೇಲೆ ಜಪಾನು ಎಷ್ಟು ಸಲ ಸೋತಿತೋ
ಲೆಕ್ಕ ಇಟ್ಟವರಿಲ್ಲ.
ಪುರ್ಸು ಹರಿಕಂತ್ರ ಅಂದ: ಬರಲಿ, ರಂಪಣಿ ಬಿಟ್ಟು
ಬಂಗಡೆ ಎಳೆದ ಹಾಗೆ ಎಳೆಯುತ್ತೇನೆ ಹಡಗು.
ವಕೀಲ ನಾಡಕರ್ಣಿಯವರು ಊರುಗೋಲು ಹೆಗಲಿಗೇರಿಸಿ
ಕಾಳಿಯ ಅಳಿವೆಗೆ ಗುರಿಯಿಟ್ಟರು.
ಪಾವು ಸುಡುವ ಸಾಂತಾನನ ಭಟ್ಟಿಯಲ್ಲಿ
ಒಂದಿಡೀ ಪಲ್ಟನ್ನು ಹಿಡಿಸುತ್ತಿತ್ತು.
ಅಪ್ಪ ಮೂಲೆಯಲ್ಲಿ ಬಸಿಗೆ ಹೊಯ್ದು ಕುಡಿದ. ಏನೂ ಅನ್ನಲಿಲ್ಲ.

ಸೋಮವಾರ ಅಂಗಡಿಯ ಗೋಡೆಗೆ ಮೊದಲ ಚಿತ್ರ:
ನೂರು ಕೈ ಜಗ್ಗಿ ದಂಡೆಗೆ ತಂದ ಬಲೆ,
ಒಳಗೆ ಒಂದೇ ಬಂಗಡೆ, ಅದರ ತಲೆಗೊಂದು ಟೊಪ್ಪಿ,
ಅದನ್ನು ಕಂಡು ಪುರ್ಸು ಹೆಂಡತಿಯ ಸೆರಗಿನ ಹಿಂದೆ.
ಮರುವಾರ, ವಕೀಲರ ಕೋಲಿನ ತುದಿಯಲ್ಲಿ
ಗರಿ ತಿದ್ದಿಕೊಳ್ಳುತ್ತ ಕೂತ ಕಾಗೆ.
ಅಡಿಯಲ್ಲಿ ಬರಹ:
‘ಜಿಲ್ಲೆ ಉತ್ತರ ಕನ್ನಡ, ಪೌರುಷ ಉತ್ತರನದು;
ಒಲೆ ಎಲ್ಲಿ?’

ಹಲಗೆಯಲ್ಲಿ ಬಲ ಎಡವಾಗುತ್ತದೆ.
ಅಕ್ಷರ ತಿರುಗಿಸಿ ಕೆತ್ತಲು ಕಲಿತಿದ್ದ ಅಪ್ಪ
ಕೈ ತಿರುಗಿಸುವುದನ್ನು ಮರೆತ. ಹೀಗಾಗಿ
ನಮ್ಮೂರ ವೀರರೆಲ್ಲ ಎಡಚರು.

ಜಗಳಕ್ಕೆ ಬಂದರು, ಹೌದು.
‘ನಾನು ಎಡಚನೇನೋ?’ ವಕೀಲರು.
‘ನನ್ನ ಮೀಸೆ ಇಷ್ಟೆಯಾ?’ ಪುರ್ಸು.
‘ನನ್ನೊಬ್ಬನನ್ನು ಯಾಕೆ ಬಿಟ್ಟೆ?’ ಬಿಸಿ ಪಾವು ಕೈಗಿಟ್ಟು ಸಾಂತಾನ.
ಕಾಸಿಗೊಂದರಂತೆ ಖರ್ಚಾದವು. ಚೌಕಟ್ಟು ಹಾಕಿಸಿ
ದೇವರ ಗೂಡಿನ ಪಕ್ಕ ತೂಗುಹಾಕಿದರು.
ಚುಚ್ಚಲೆಂದು ಕೆತ್ತಿದ್ದು ಎದೆಗೆ ಪದಕವಾಯಿತು.
ಅಪ್ಪ ಅಂದು ರಾತ್ರಿ ಊಟ ಮಾಡಲಿಲ್ಲ.

ವೈಶಾಖದ ಅಮಾವಾಸ್ಯೆಯ ಹಿಂದೆಮುಂದೆ,
ದೇವಗಡ ದ್ವೀಪದ ಈಚೆ ಒಂದು ದೀಪ.
ಬೈತಖೋಲದ ಕಡೆಯಿಂದ ದಡ್ ದಡ್ ಸದ್ದು.
ಯಾರು ಕೂಗಿದರೋ, ಕೂಗು ಮುಗಿಯುವ ಮೊದಲೇ
ಊರು ಗುಡ್ಡೇಹಳ್ಳಿಯ ಏರು ಹಿಡಿದಿತ್ತು.
ವಕೀಲರ ಕೋಲು ಕೊನೆಗೂ ಕೆಲಸಕ್ಕೆ ಬಂತು.
ಅವರಿಗೂ ಮುಂದೆ ಒಬ್ಬ ಓಡುತ್ತಿದ್ದ,
ಕಂಕುಳಲ್ಲಿ ಉಳಿಪೆಟ್ಟಿಗೆ, ಒಂದೇ ಕಾಲಿಗೆ ಚಪ್ಪಲಿ.
ತುಂಬ ಹಿಂದೆ ನನ್ನ ಅಬ್ಬೆ, ತಲೆಯ ಮೇಲೆ ಅಕ್ಕಿ ಡಬ್ಬಿ,
ಸೊಂಟದಲ್ಲಿ ನಾನು.
ಐದು ವರ್ಷ ನನಗೆ. ಆ ಬೆನ್ನು ಯಾರದೆಂದು ಗೊತ್ತಾಗುವಷ್ಟು ವಯಸ್ಸು.

ಬಂದದ್ದು ಹೆಂಚು ಹೊತ್ತ ಮಚವೆ.
ಮುರಿದ ಚುಕ್ಕಾಣಿಗೆ ಬೆಣೆ ಬಡಿಯುತ್ತಿದ್ದರಂತೆ.
ನಾಲ್ಕು ಜನ ಮಲಬಾರದವರು, ಗಂಟಲೊಣಗಿ,
ಖಾಲಿ ಊರಿನ ಬಾವಿಯಲ್ಲಿ ಸೇದಿ ಕುಡಿದು,
ಕರೆದರೆ ಓಗೊಡುವವರಿಲ್ಲದೆ
ಕಟ್ಟೆಯ ಮೇಲೆ ಒಂದಾಣೆ ಇಟ್ಟು ಹೋಗಿದ್ದರು.

ಬೆಳಿಗ್ಗೆ ಬೆಂಚಿನ ಮೇಲೆ ಜಪಾನು ಮತ್ತೆ ಸೋತಿತು.
ಗುಡ್ಡ ಹತ್ತಿದ್ದು ಕಾವಲಿಗೆ ಎಂದಾಯಿತು.
ಒಂದಾಣೆ ಯಾರ ಕಿಸೆ ಸೇರಿತೋ.
ಜಟ್ಟಿ ಈ ಸಲ ಯಾರನ್ನು ಕೆತ್ತುತ್ತಾನೆ ಎಂದು
ಕಾಸು ಹಿಡಿದು ಕಾದರು.

ಎಂಟು ದಿನ ಬಾಗಿಲು ಹಾಕಿಕೊಂಡು ಕೆತ್ತಿ
ಅಪ್ಪ ಒಂದೇ ಪ್ರತಿ ತೆಗೆದ. ಗೋಡೆಗೆ ಹಚ್ಚಲಿಲ್ಲ.
ಅಡುಗೆಮನೆಗೆ ಬಂದು ಅಬ್ಬೆಯ ಮುಂದೆ ಹಿಡಿದ,
ಮಸಿ ಇನ್ನೂ ಹಸಿ:
ಉಳಿಪೆಟ್ಟಿಗೆ, ಒಂದು ಚಪ್ಪಲಿ, ಹಿಂದೆ ತಿರುಗದ ತಲೆ.
ದೂರದಲ್ಲಿ ಒಬ್ಬ ಹೆಂಗಸು, ಡಬ್ಬಿ, ಮಗು.
ಈ ಸಲ ಎಲ್ಲ ತಿರುಗಿಸಿ ಕೆತ್ತಿದ್ದ, ಬಲ ಬಲವೇ ಇತ್ತು.
ಬರಹ ಇರಲಿಲ್ಲ.

ಅಬ್ಬೆ ಒಲೆಯ ಬೆಳಕಿಗೆ ಹಿಡಿದು ನೋಡಿದಳು, ಬಹಳ ಹೊತ್ತು.
ಡಬ್ಬಿ ಇನ್ನೂ ದೊಡ್ಡದಿತ್ತು, ಅಂದಳು.
ಮಗು ಎಡ ಸೊಂಟದಲ್ಲಿತ್ತು.
ಕೈ ತೊಳೆದು ಬನ್ನಿ, ಗಂಜಿ ಆರುತ್ತದೆ.